ಮೇಷ್ಟ್ರು ತಿದ್ದಿಕೊಟ್ಟ ಬೈಗುಳ

ನಮ್ಮ ಮನೆಯಲ್ಲಿ ಎಲ್ಲ ಪಕ್ಷಗಳ ಬಣ್ಣವೂ ಇತ್ತು. ಮೂಡಲಪಾಳ್ಯದಲ್ಲಿ ವೆಂಕಟರಾಮಯ್ಯ ಮೇಷ್ಟ್ರ ಮನೆಯ ಹಿತ್ತಲಲ್ಲಿ, ಅವರ ಬಚ್ಚಲಿನ ಗೋಡೆಗೆ ಆನಿಸಿ ಕಟ್ಟಿದ ಶೀಟಿನ ಮನೆ ನಮ್ಮದು. ಇದ್ದದ್ದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಅಮ್ಮನ ಸೀಮೆಎಣ್ಣೆ ಸ್ಟೌವ್, ಅದರ ಎದುರು ಮೂಲೆಯಲ್ಲಿ ಅಪ್ಪನ ಡಬ್ಬಗಳು. ಕೇಸರಿ, ಹಸಿರು, ಕೆಂಪು, ನೀಲಿ, ಮತ್ತೆ ಒಂದು ದೊಡ್ಡ ಬಕೆಟ್ಟಿನ ತುಂಬ ಸುಣ್ಣ. ಅಪ್ಪ ಗೋಡೆ ಬರೆಯುವವನು. ಫ್ಲೆಕ್ಸು ಆಗಿನ್ನೂ ಎಲ್ಲ ಕಡೆ ಬಂದಿರಲಿಲ್ಲ. ಎಲೆಕ್ಷನ್ ಬಂತೆಂದರೆ ವಿಜಯನಗರದಿಂದ ಕೆಂಗೇರಿಯವರೆಗೂ ಅಪ್ಪನ ಅಕ್ಷರ. ಯಾರಿಗೆ ಮತ ಹಾಕಬೇಕು ಎಂದು ಬರೆದ ಕೈಯೇ ಮೂರು ಬೀದಿ ದಾಟಿ ಅವರಿಗೆ ಯಾಕೆ ಹಾಕಬಾರದು ಎಂದೂ ಬರೆಯುತ್ತಿತ್ತು. ನಮ್ಮ ಸಾರಿಗೆ ಯಾವಾಗಲೂ ಸ್ವಲ್ಪ ಟರ್ಪೆಂಟೈನ್ ವಾಸನೆ ಇರುತ್ತಿತ್ತು. ಬೇರೆಯವರ ಮನೆಯಲ್ಲಿ ಉಂಡಾಗ ಸಾರು ಏನೋ ಕಡಿಮೆ ಎನ್ನಿಸಿ, ಏನು ಅಂತ ತಿಳಿಯದೆ ಎದ್ದು ಬಂದದ್ದುಂಟು. ಅಪ್ಪನ ಶರ್ಟಿನ ಮೇಲೆ ಯಾವ ಬಣ್ಣದ ಹನಿ ಬಿದ್ದಿದೆ ಎಂಬುದರ ಮೇಲೆ ಟೀ ಅಂಗಡಿಯವರು ಅವನನ್ನು ಮಾತಾಡಿಸುತ್ತಿದ್ದರು.

"ಏನ್ ರಾಜಣ್ಣ, ನೀನೂ ಚಡ್ಡಿ ಆಗ್ಬಿಟ್ಯಾ? ಮೊನ್ನೆ ತಾನೆ ಕಾಮ್ರೇಡ್ ಆಗಿದ್ಯಲ್ಲಪ್ಪಾ?"

"ಎರಡೂ ಸೀಮೆಎಣ್ಣೇಲಿ ಉಜ್ಜಿದ್ರೆ ಹೋಯ್ತವೆ ಬಿಡು ಗುರು."

ಮೇಷ್ಟ್ರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹೈಸ್ಕೂಲಿನಲ್ಲಿ ಕನ್ನಡ ಹೇಳಿ ನಿವೃತ್ತರಾದವರು. ಅವರೇ ಅಡುಗೆ, ಅವರೇ ಪೂಜೆ. ಬೆಳಗ್ಗೆ ಅವರು ನೀರು ಹಿಡಿಯುವ ತನಕ ನಾವು ಹಿತ್ತಲ ನಲ್ಲಿ ಮುಟ್ಟುವಂತಿರಲಿಲ್ಲ. ಮನೆಯಲ್ಲಿ ಮಾಂಸ ಬೇಯಿಸಬಾರದು ಎಂಬುದು ಬಾಡಿಗೆಗೆ ಕೊಡುವಾಗಲೇ ಆದ ಮಾತು. ಹಾಗಾಗಿ ಭಾನುವಾರ ಬೆಳಗ್ಗೆ ಅಮ್ಮ ಮಸಾಲೆ ರುಬ್ಬಿ ಡಬ್ಬಿಗೆ ತುಂಬಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಬಿನ್ನಿಪೇಟೆಯ ಚಿಕ್ಕಮ್ಮನ ಮನೆಗೆ ಹೋಗುವಳು. ಅಲ್ಲಿ ಸಾರು ಮಾಡಿ, ಉಂಡು, ಅಲ್ಲೇ ಕೈಬಾಯಿ ಚೆನ್ನಾಗಿ ತೊಳೆದುಕೊಂಡು ಬರುವುದು. ಊಟ ಮಾಡಲು ಬಸ್ಸು ಹತ್ತುವುದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ ಎಂದೇ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಮೇಷ್ಟ್ರ ಅಡುಗೆಮನೆಯ ಕಿಟಕಿಯ ಹೊರಗಟ್ಟೆಯ ಮೇಲೆ ಎರಡು ಸ್ಟೀಲ್ ಲೋಟ ಬೋರಲು ಹಾಕಿರುತ್ತಿದ್ದವು. ಅವು ನಮ್ಮವು. ಒಳಗಿನಿಂದ ಮೇಷ್ಟ್ರು ಕಾಫಿಯನ್ನು ಮೇಲಿಂದ ಹುಯ್ಯುವರು. ನಾವು ಕುಡಿದು, ತೊಳೆದು, ಮತ್ತೆ ಬೋರಲು ಹಾಕಬೇಕು. ಕಾಫಿ ಮಾತ್ರ ಅವರು ಕುಡಿಯುವಷ್ಟೇ ಗಟ್ಟಿ.

ಆದರೆ ನನಗೆ ಅಕ್ಷರ ಕೊಟ್ಟವರೂ ಅವರೇ. ಮೂರನೇ ಕ್ಲಾಸಿನಿಂದ ದಿನಾ ಸಂಜೆ ಅವರ ಜಗಲಿಯ ಟ್ಯೂಬ್‌ಲೈಟಿನ ಕೆಳಗೆ ಕೂತು ಓದಿದೆ. ನಮ್ಮ ಕೋಣೆಯಲ್ಲಿ ಒಂದು ಬಲ್ಬು, ಅದರ ಕೆಳಗೆ ಅಪ್ಪ ಬೋರ್ಡು ಬರೆಯುವ ತಗಡುಗಳು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದ ಅಪ್ಪ ಕೂಡ ಮೇಷ್ಟ್ರ ಶಿಷ್ಯನೇ. ಯಾವ ಪಕ್ಷದ ಘೋಷಣೆಯಾದರೂ ಸರಿ, ಚೀಟಿಯನ್ನು ಮೊದಲು ಜಗಲಿಗೆ ತರುವನು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ 'ವೆಂ' ಎಂದು ಸಣ್ಣಗೆ ಗುರುತು ಹಾಕಿ ಕೊಟ್ಟ ಮೇಲೆಯೇ ಅದು ಗೋಡೆಗೆ ಹೋಗಬೇಕು. ತಮಗೆ ಆಗದ ಪಕ್ಷದ ಚೀಟಿಯನ್ನೂ ಅವರು ಅಷ್ಟೇ ಶ್ರದ್ಧೆಯಿಂದ ತಿದ್ದುತ್ತಿದ್ದರು. ನನಗೆ ಡಿಗ್ರಿ ಕಾಲೇಜಿನ ಅರ್ಜಿ ತುಂಬಿಸಿದವರೂ ಅವರೇ. ತಂದೆಯ ಉದ್ಯೋಗ ಎಂಬ ಜಾಗದಲ್ಲಿ 'ಕಲಾವಿದರು' ಎಂದು ಬರೆದರು. ಅಪ್ಪ ಅದನ್ನು ನೋಡಿ, ಆ ಸಂಜೆ ತನ್ನ ಬ್ರಷ್ಷುಗಳನ್ನೆಲ್ಲ ಎರಡೆರಡು ಸಲ ತೊಳೆದಿಟ್ಟ. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ಅಮ್ಮ ಮೈಸೂರು ರೋಡಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಕೆಂಗೇರಿಯ ದೊಡ್ಡಪ್ಪ ಬಂದಾಗಲೆಲ್ಲ ಹುಡುಗಿಯನ್ನೂ ಮಿಷಿನ್ನಿಗೆ ಕೂರಿಸಿ ಎನ್ನುವನು. "ಮೇಷ್ಟ್ರು ಓದಿಸ್ತಾವ್ರೆ, ಮುಗೀಲಿ" ಎಂಬ ಒಂದೇ ಮಾತಿನಿಂದ ಅಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು. ಆ ಜಗಲಿ ಕೈಬಿಟ್ಟರೆ ನನ್ನ ಡಿಗ್ರಿಯೂ ಅಲ್ಲಿಗೇ ಮುಗಿಯಿತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಬೆಳಗಿನ ಹೊತ್ತು ಮೇಷ್ಟ್ರು ಖಾಕಿ ಚಡ್ಡಿ ಹಾಕಿಕೊಂಡು, ದೊಣ್ಣೆ ಹಿಡಿದು ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಅವರಂಥವರು ಹತ್ತಾರು ಜನ ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಿದ್ದರು. ಬೀದಿಯ ಹುಡುಗರು ಅವರಿಗೆ ಇಟ್ಟ ಹೆಸರು ಚಡ್ಡಿ ಮೇಷ್ಟ್ರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ನಾನಂತೂ ಬೆನ್ನ ಹಿಂದೆಯೂ ಅಂದಿರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಅಂದೆ. ಅಲ್ಲಿ ಪ್ರಕಾಶ ಎಂಬ ಸೀನಿಯರ್ ಒಂದು ಗುಂಪು ಕಟ್ಟಿದ್ದ. ಖಾದಿ ಜುಬ್ಬ, ಹೆಗಲಿಗೆ ಬಟ್ಟೆ ಚೀಲ, ಇನ್ನೂ ಸರಿಯಾಗಿ ಬಾರದ ಗಡ್ಡ. ಅವನು ಮಾತಾಡಿದರೆ ಕ್ಯಾಂಟೀನಿನಲ್ಲಿ ಲೋಟಗಳ ಸದ್ದು ನಿಲ್ಲುತ್ತಿತ್ತು. ಜಾತಿಯ ಬಗ್ಗೆ, ಮುಟ್ಟುವ ಮುಟ್ಟಿಸಿಕೊಳ್ಳದ ಬಗ್ಗೆ ಒಬ್ಬ ಮನುಷ್ಯ ಅಷ್ಟು ಜೋರಾಗಿ, ಅಷ್ಟು ಜನರ ನಡುವೆ ಮಾತಾಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನ ಅದನ್ನು ಕೇಳುತ್ತ ಮುಂದಿನ ಕ್ಲಾಸಿಗೆ ಹೋಗುವುದನ್ನೇ ಮರೆತು ಕೂತಿದ್ದೆ. ಅದು ಸುಳ್ಳಲ್ಲ, ಇವತ್ತಿಗೂ ಆ ಋಣ ನನ್ನ ಮೇಲಿದೆ. ಆದರೆ ಆ ಗುಂಪಿನಲ್ಲಿ ಒಂದು ಆಟ ಇತ್ತು. ಯಾರ ಹೆಸರು ಬಂದರೂ ಮೊದಲು ಅವನು ಯಾವ ಕಡೆ ಎಂದು ತೀರ್ಮಾನವಾಗಬೇಕು. ಲೈಬ್ರರಿಯನ್ ಚಡ್ಡಿ. ಎಕನಾಮಿಕ್ಸ್ ಲೆಕ್ಚರರ್ ನಮ್ಮವರು. ಹಣೆಗೆ ಕುಂಕುಮ ಇಟ್ಟ ಟೈಪಿಸ್ಟ್ ಆಂಟಿ ಅರ್ಧ ಚಡ್ಡಿ. ತೀರ್ಮಾನವಾದ ಮೇಲೆ ಆ ಮನುಷ್ಯನ ಬಗ್ಗೆ ಮತ್ತೆ ಯೋಚಿಸುವ ಕೆಲಸವೇ ಇಲ್ಲ. ಒಂದೇ ತಿಂಗಳಲ್ಲಿ ನಾನೂ ಪಳಗಿದೆ. ಆ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಕಾರ್ಮಿಕರು ಎನ್ನುವ ಮಾತು ಬರುತ್ತಿತ್ತು. ನಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದಾಗ ನಾನು "ಬಿಸಿನೆಸ್" ಎಂದಿದ್ದೆ.

ಜಗಲಿಯಲ್ಲೂ ಬೇರೆ ಥರದ ಅದೇ ಆಟ. ನಾನು ಚೀಲ ಇಳಿಸುವ ಮೊದಲೇ ಮೇಷ್ಟ್ರು ಶುರು ಮಾಡುವರು.

"ಬಂದಳಪ್ಪಾ ನಮ್ಮ ಬುದ್ಧಿಜೀವಿ. ಏನಮ್ಮ, ಇವತ್ತು ದೇವರು ಇದಾನೋ, ತೆಗೆದುಹಾಕಿದ್ರೋ?"

"ಅದೇನು ಸಾರ್ ನಿಮ್ಮದು, ದಿನಾ..."

"ಅಲ್ಲ ಕಣೇ, ಗಡ್ಡ ಬಿಟ್ಟ ತಕ್ಷಣ ಬುದ್ಧಿ ಬರೋದಾದ್ರೆ ಹೋತಕ್ಕೆ ಮೊದಲು ಬರ್ಬೇಕಿತ್ತಲ್ಲ? ಹೊರಗಡೆಯಿಂದ ದುಡ್ಡು ಬರತ್ತೆ, ಇವರು ಕೂಗ್ತಾರೆ, ಅಷ್ಟೇ. ಅದಿರ್ಲಿ, ನಿನ್ನೆ ಕೊಟ್ಟ ಪ್ರಬಂಧ ತೆಗಿ."

ನಗುತ್ತಲೇ ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೆ ಎಲ್ಲೋ ಅದು ಸೇರಿಕೊಳ್ಳುತ್ತಿತ್ತು. ಕೊನೆಯ ವರ್ಷ, ಪರೀಕ್ಷೆಗೆ ಎರಡು ತಿಂಗಳು ಇರುವಾಗ, ಜ್ಞಾನಭಾರತಿಗೆ ಹೋಗುವ ರಸ್ತೆಯಲ್ಲಿ ಒಂದು ಉದ್ದನೆಯ ಗೋಡೆ ಸಿಕ್ಕಿದೆ, ಘೋಷಣೆ ಬರೆಸಬೇಕು ಎಂದು, ಡಿಗ್ರಿ ಮುಗಿಸಿದ್ದರೂ ಕ್ಯಾಂಟೀನು ಬಿಟ್ಟಿರದ ಪ್ರಕಾಶ ಎಲ್ಲರಿಗೂ ಒಂದೊಂದು ಸಾಲು ಬರೆಯಲು ಹೇಳಿದ. ಆ ಬೆಳಗ್ಗೆಯಷ್ಟೇ ನಾನು ಕಿಟಕಿಯ ಹೊರಗೆ ನಿಂತು ಲೋಟ ತೊಳೆದು ಬಂದಿದ್ದೆ. ಕ್ಯಾಂಟೀನಿನ ಟೇಬಲ್ಲಿನ ಮೇಲೆ ನೋಟ್‌ಬುಕ್ಕಿನ ಹಾಳೆ ಹರಿದು ಒಂದೇ ಉಸಿರಿಗೆ ಬರೆದೆ. 'ಚಡ್ಡಿ ತೊಟ್ಟ ಮುದಿ ಗೂಬೆಗಳೇ ಬೆಳಗಾಗಿದೆ, ಮರ ಬಿಟ್ಟು ಇಳಿಯಿರಿ.' ಪ್ರಕಾಶ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಎಲ್ಲರೂ ಟೇಬಲ್ ಬಡಿದರು. "ಸೂಪರ್ ಮಗಾ, ಇದೇ ಫೈನಲ್" ಎಂದು ಹಾಳೆಯನ್ನು ಜೇಬಿಗೆ ಹಾಕಿಕೊಂಡ. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಆ ಸಂಜೆ ಎಂದಿನಂತೆ ಜಗಲಿಗೆ ಹೋಗಿ ಎಂದಿನಂತೆ ಪಾಠ ಹೇಳಿಸಿಕೊಂಡೆ.

ಮುಂದಿನ ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಂದಾಗ ಅಪ್ಪ ಹಿತ್ತಲಲ್ಲಿ ಬ್ರಷ್ಷು ತೊಳೆಯುತ್ತ ಕೂತಿದ್ದ. ಕೆಲಸ ಮುಗಿಸಿ ಬಂದವನ ಖುಷಿ ಮುಖದಲ್ಲಿತ್ತು. ನಾನು ಸೀಮೆಎಣ್ಣೆ ಡಬ್ಬ ಎತ್ತಿಕೊಡಲು ಹೋದೆ. ಅದರ ಕೆಳಗೆ, ಎಣ್ಣೆ ತಾಗಿ ಅರ್ಧ ಪಾರದರ್ಶಕವಾದ ಒಂದು ಹಾಳೆ. ನನ್ನ ಹಾಳೆ. ನನ್ನ ಅಕ್ಷರ. 'ಗೂಬೆಗಳೇ' ಆದ ಮೇಲೆ ಕೆಂಪು ಇಂಕಿನಲ್ಲಿ ಒಂದು ಅಲ್ಪವಿರಾಮ ಸೇರಿಸಲಾಗಿತ್ತು. ಕೆಳಗೆ 'ಸಾಲು ಚೆನ್ನಾಗಿದೆ' ಎಂದು ಬರೆದು, ಪಕ್ಕದಲ್ಲಿ 'ವೆಂ'. ಡಬ್ಬ ಕೈಯಲ್ಲೇ ಇತ್ತು, ಕೆಳಗಿಡುವುದು ತಿಳಿಯಲಿಲ್ಲ.

"ಅಪ್ಪಾ, ಇದು... ಇದು ನಿನಗೆ ಎಲ್ಲಿ ಸಿಕ್ತು?"

"ಪೇಂಟ್ ಅಂಗಡೀಲಿ ಯಾರೋ ಕಾಲೇಜ್ ಹುಡುಗ್ರು ಕೊಟ್ಟೋಗಿದ್ರಂತೆ ಕಣವ್ವ. ಬಿಚ್ಚಿ ನೋಡಿದ್ರೆ ನಿನ್ ಅಕ್ಷರ! ನಂಗೆ ಗೊತ್ತಾಗ್ದೆ ಇರ್ತದಾ? ಅಕ್ಷರ ನೋಡೋದೇ ನನ್ ಕಸುಬು. ಬೆಳಗ್ಗೆ ಬರ್ದು ಬಂದೆ. ಎಂಟಡಿ ಎತ್ರ ಹಾಕಿವ್ನಿ ನೋಡು, ಬಸ್ಸಲ್ಲಿ ಹೋಗೋರ್‍ಗೂ ಕಾಣ್ಬೇಕು."

"ಮೇಷ್ಟ್ರಿಗೆ ತೋರಿಸಿದ್ಯಾ?"

"ತೋರಿಸ್ದೆ ಇರ್ತೀನಾ? ಮೇಷ್ಟ್ರೇ, ನಮ್ ಮಂಜಿ ಬರ್ದವ್ಳೆ ನೋಡಿ, ಇಷ್ಟ್ ವರ್ಷ ಕಂಡೋರ್ ಸಾಲು ಬರ್ದೆ, ಇವತ್ತು ನನ್ ಮಗಳ ಸಾಲು ಗೋಡೆ ಮೇಲೆ ಬರೀತೀನಿ ಅಂದೆ. ಬೋ ಹೊತ್ತು ನೋಡಿದ್ರು. ಆಮೇಲೆ ಬರೀಪ್ಪಾ ರಾಜ, ಚೆನ್ನಾಗಿ ಬರಿ ಅಂದ್ರು."

"ಅಪ್ಪಾ, ಅದು ಬೈಗುಳ. ಅವರಿಗೇ ಬೈದಿರೋದು."

ಅಪ್ಪ ಬ್ರಷ್ಷು ಹಿಂಡುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದ. ಅವನಿಗೆ ನಿಜಕ್ಕೂ ಹೊಳೆದಿರಲಿಲ್ಲ. ಇಪ್ಪತ್ತು ವರ್ಷ ಎಲ್ಲರ ಪರವಾಗಿ ಎಲ್ಲರನ್ನೂ ಬೈದು ಬರೆದವನು. ಕಳ್ಳರು, ದೇಶದ್ರೋಹಿಗಳು, ಕೋಮುವಾದಿಗಳು, ಢೋಂಗಿಗಳು, ಎಲ್ಲವೂ ಅವನಿಗೆ ಇಷ್ಟಡಿ ಅಗಲ, ಇಷ್ಟಡಿ ಎತ್ತರ. ಆ ಮಾತುಗಳಿಂದ ಒಬ್ಬ ಮನುಷ್ಯನಿಗೆ ನೋವಾಗಬಹುದು ಎಂಬುದೇ ಅವನ ಮಟ್ಟಿಗೆ ಯಾವತ್ತೋ ಒಣಗಿಹೋಗಿತ್ತು. ಅವನ ಮುಖದ ಖುಷಿ ಇಳಿದುಹೋದದ್ದನ್ನು ನಾನು ನಿಂತು ನೋಡಿದೆ. ಅಮ್ಮ ಗಾರ್ಮೆಂಟ್ಸಿನಿಂದ ಬಂದಳು. ವಿಷಯ ಕೇಳಿ ಊಟದ ಡಬ್ಬಿ ಕೆಳಗಿಡಲೂ ಮರೆತು ಬಾಗಿಲಲ್ಲೇ ಕುಸಿದು ಕೂತಳು.

"ಅಯ್ಯೋ ಪಾಪಿ, ಅನ್ನ ಹಾಕಿದ್ರಾ ಅನ್ನೋ ಲೆಕ್ಕ ಬ್ಯಾಡ, ಅಕ್ಷರ ಹೇಳಿಕೊಟ್ರಲ್ಲೇ. ಹೋಗು. ಹೋಗಿ ಕಾಲು ಹಿಡ್ಕೋ. ಪರೀಕ್ಷೆ ಮುಂದೆ ಇಟ್ಕೊಂಡು ಮನೆ ಬಿಡಿ ಅಂದ್ರೆ ಎಲ್ಲಿಗೇ ಹೋಗೋದು? ನಿಮ್ ದೊಡ್ಡಪ್ಪ ಕಾಯ್ತಾ ಕೂತವ್ನೆ."

ನಾನು ಹೋದೆ. ಮೇಷ್ಟ್ರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ನನ್ನನ್ನು ನೋಡಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕಾಲು ಹಿಡಿಯಲು ಬಗ್ಗಿದೆ. ಸರಕ್ಕನೆ ಕಾಲು ಹಿಂದಕ್ಕೆ ಎಳೆದುಕೊಂಡರು. ಅದು ಮಡಿಯೋ, ಮುಜುಗರವೋ ಇವತ್ತಿಗೂ ನನಗೆ ತಿಳಿಯದು.

"ಏಳು, ಏಳು. ನಾಟಕ ಎಲ್ಲ ಬೇಡ. ಸಾಲು ಚೆನ್ನಾಗೇ ಇದೆ, ಸುಳ್ಳು ಹೇಳ್ಲಿಲ್ಲ ನಾನು."

"ಸಾರ್, ತಪ್ಪಾಯ್ತು. ನಿಮ್ಮನ್ನ ಅಂದಿದ್ದಲ್ಲ..."

"ನನ್ನನ್ನ ಅಂದಿದ್ದಲ್ಲ, ಅದು ನನಗೂ ಗೊತ್ತು. ಅದಕ್ಕೇ ನನಗೆ ಏನೂ ಆಗ್ಲಿಲ್ಲ. ಚಡ್ಡಿ ಅಂತೆ, ಗೂಬೆ ಅಂತೆ. ಇಡೀ ಪಾರ್ಕಿಗೆ ಹಂಚಿದ್ರೆ ನನ್ನ ಪಾಲಿಗೆ ಎಷ್ಟು ಬರತ್ತೆ ಹೇಳು? ನಾನು ನಿನ್ನ ಬುದ್ಧಿಜೀವಿ ಅಂದ್ರೆ ನಿನಗೇನಾದ್ರೂ ಆಗತ್ತಾ? ನಗ್ತೀಯಲ್ಲ, ಹಾಗೆ."

ಕ್ಷಮೆ ಕೇಳಲು ಹೋದವಳು ನಾನು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಎಲ್ಲವೂ ಮೊದಲಿನ ಹಾಗೇ ಇರುತ್ತಿತ್ತು. ಆದರೆ ಅವರು ಅಷ್ಟು ಹಗುರವಾಗಿ ನಕ್ಕದ್ದು ನನಗೆ ತಡೆಯಲಾಗಲಿಲ್ಲ.

"ನಿಮ್ಮನ್ನೇ ಅನ್ಬೇಕು ಅಂದ್ರೆ ಬೇರೆ ಬರೀಬೇಕಿತ್ತು ಸಾರ್."

"ಏನು ಬರೀತಿದ್ದೆ?"

ಅವರು ಪಕ್ಕದಲ್ಲಿದ್ದ ರಟ್ಟು, ಹಾಳೆ ನನ್ನ ಕಡೆ ತಳ್ಳಿದರು. ಮೂರನೇ ಕ್ಲಾಸಿನಿಂದ ಪ್ರಬಂಧ ಬರೆಸುವಾಗ ಆಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

"ಕೂತ್ಕೋ. ಬರಿ. ಕಂಡಿದ್ದು ಮಾತ್ರ ಬರಿ. ತಿದ್ದಿ ಕೊಡ್ತೀನಿ."

ಬರೆದೆ. ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ ಇವೆ ಎಂದು ಬರೆದೆ. ಒಂದರ ಅಂಚು ನೆಗ್ಗಿದೆ, ಅದು ನನ್ನದು ಎಂದು ಬರೆದೆ. ಜ್ವರ ಬಂದು ಮೂರು ದಿನ ಮಲಗಿದ್ದಾಗ ಮೇಷ್ಟ್ರು ಗಂಜಿ ಮಾಡಿ ತಂದರು, ನಮ್ಮ ಹೊಸ್ತಿಲ ಹೊರಗೇ ನಿಂತು ಪಾತ್ರೆ ಕೆಳಗಿಟ್ಟರು, ಗಂಜಿಗೆ ತುಪ್ಪ ಹಾಕಿದ್ದರು, ಪಾತ್ರೆಯನ್ನು ವಾಪಸು ಕೇಳಲಿಲ್ಲ ಎಂದು ಬರೆದೆ. ನಾನು ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಾಗ ಅವರು ನನ್ನ ತಲೆಯ ಮೇಲೆ ಕೈ ಇಡಲು ಎತ್ತಿದರು, ಕೈ ಅರ್ಧದಲ್ಲೇ ನಿಂತಿತು, ಆಮೇಲೆ ಆ ಕೈಯಿಂದ ತಮ್ಮ ಶಲ್ಯ ಸರಿಮಾಡಿಕೊಂಡರು ಎಂದು ಬರೆದೆ. ಚಡ್ಡಿ ಎಂದು ಎಲ್ಲೂ ಬರೆಯಲಿಲ್ಲ. ಅದು ಬೇಕಾಗಲೇ ಇಲ್ಲ. ಒಂದೂವರೆ ಪುಟ ಆಯಿತು. ಮುಗಿಸಿ ರಟ್ಟನ್ನು ಅವರ ಕಡೆ ತಳ್ಳಿದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದು ಓದಲು ಶುರು ಮಾಡಿದರು. ಪೆನ್ನು ಹಾಳೆಯನ್ನು ಮುಟ್ಟಲೇ ಇಲ್ಲ. ಕೊನೆಯವರೆಗೂ ಓದಿ, ಮುಚ್ಚಳ ಹಾಕಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹಾಳೆಯನ್ನು ತೆಗೆದುಕೊಂಡೇ ಹೋದರು.

ಮೂರು ದಿನ ಅವರು ಪಾರ್ಕಿಗೆ ಹೋಗಲಿಲ್ಲ. ಸಂಜೆ ಜಗಲಿಯ ಲೈಟು ಮಾತ್ರ ಹೊತ್ತಿಕೊಳ್ಳುತ್ತಿತ್ತು. ಒಳಗಿನಿಂದಲೇ ಸ್ವಿಚ್ಚು ಹಾಕುತ್ತಿದ್ದರು. ನಾನು ಒಬ್ಬಳೇ ಕೂತು ಓದುತ್ತಿದ್ದೆ, ಒಂದಕ್ಷರವೂ ತಲೆಗೆ ಹೋಗುತ್ತಿರಲಿಲ್ಲ. ನಾಲ್ಕನೇ ದಿನ ಬಾಗಿಲು ತೆರೆಯಿತು. ಎರಡು ತಿಂಗಳ ಕಾಯಿಲೆಯಿಂದ ಎದ್ದವರ ಹಾಗೆ ಕಂಡರು.

"ಮಂಜುಳಾ, ನಿಮ್ಮಪ್ಪನಿಗೆ ಹೇಳು. ಬೇರೆ ಮನೆ ನೋಡ್ಕೊಳ್ಳಿ."

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ನಿನ್ನ ಪರೀಕ್ಷೆ ಮುಗಿಯೋವರೆಗೂ ಇರಿ. ಕೊನೇ ಪೇಪರ್ ಬರಿಯೋವರೆಗೂ ಈ ಲೈಟ್ ನಿಂದು. ಆಮೇಲೆ ನನ್ನ ಕೈಲಿ ಆಗಲ್ಲಮ್ಮ."

"ಸಾರ್, ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರೆದಾಗ ನಕ್ಬಿಟ್ರಿ. ಇದನ್ನ ನೀವೇ ತಾನೆ ಬರಿ ಅಂದಿದ್ದು?"

"ಹೌದು, ನಾನೇ. ಒಂದಕ್ಷರ ತಪ್ಪಿಲ್ಲ ಅದರಲ್ಲಿ. ತಪ್ಪಿದ್ದಿದ್ರೆ ತಿದ್ದಿ ಕೊಟ್ಟು ನಿದ್ದೆ ಮಾಡ್ತಿದ್ದೆ. ದಿನಾ ಆ ಕಿಟಕಿ ಹತ್ರ ನೀನು ಬಂದು ನಿಂತ್ಕೊಂಡ್ರೆ ನಾನು ಎಲ್ಲಿ ನೋಡ್ಲಿ ಹೇಳು? ಒಳಗೆ ಬಾ ಅನ್ನಕ್ಕೆ ಬಾಯಿ ಬರತ್ತಾ ಅಂತ ಮೂರು ದಿನ ನೋಡಿದೆ. ಬರ್ಲಿಲ್ಲ."

ಇಷ್ಟು ಹೇಳಿ ಒಳಗೆ ಹೋದರು. ಸುಳ್ಳಿಗೆ ಮಾತ್ರ ಶಿಕ್ಷೆ ಎಂದುಕೊಂಡು ಬೆಳೆದ ಹುಡುಗಿಗೆ, ನಿಜ ಬರೆದದ್ದಕ್ಕೆ ಮನೆ ಹೋಗುತ್ತದೆ ಎನ್ನುವುದು ಆ ಜಗಲಿಯ ಕೊನೆಯ ಪಾಠವಾಯಿತು. ಅಪ್ಪ ನನ್ನನ್ನು ಬೈಯಲಿಲ್ಲ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಪರೀಕ್ಷೆ ಬರೆದೆ. ಅಷ್ಟೂ ದಿನ ಲೈಟು ಉರಿಯಿತು. ಕೊನೆಯ ಪೇಪರಿನ ಮಾರನೆಯ ದಿನ ಲಗೇಜ್ ಆಟೋದಲ್ಲಿ ಡಬ್ಬಗಳನ್ನೂ ಸ್ಟೌವನ್ನೂ ಹೇರಿಕೊಂಡು ಕೆಂಗೇರಿಯ ಕಡೆ, ದೊಡ್ಡಪ್ಪನ ಬೀದಿಗೇ ಹೋದೆವು. ಮಿಷಿನ್ನಿಗೆ ಕೂರಿಸುವ ಮಾತು ಮತ್ತೆ ಎದ್ದಿತು. ರಿಸಲ್ಟ್ ಬರಲಿ ಎಂದು ಅಪ್ಪ ಮೊದಲ ಸಲ ತನ್ನ ಅಣ್ಣನಿಗೆ ಎದುರು ಮಾತಾಡಿದ.

ಮನೆ ಬಿಟ್ಟ ವಾರವೇ ಕಾಲೇಜಿನ ಕ್ಯಾಂಟೀನಿಗೆ ಹೋಗಿ ಪ್ರಕಾಶನಿಗೆ ಎಲ್ಲ ಹೇಳಿದೆ. ಆ ಗೋಡೆ ಬರೆದವನು ನನ್ನ ಅಪ್ಪ ಎಂಬುದನ್ನೂ.

"ನೀನು ಪೇಂಟರ್ ಮಗಳಾ? ಮೊದಲೇ ಹೇಳೋದಲ್ವಾ ಮಂಜು, ಮೇ ಡೇ ದಿನ ನಿಮ್ಮಪ್ಪನ್ನ ಸ್ಟೇಜಿಗೆ ಕರೀತಿದ್ವಿ! ಮನೆ ಬಿಡಿಸಿದ್ನಾ ಆ ಚಡ್ಡಿ? ನಾನು ಹೇಳ್ಲಿಲ್ವಾ, ಅವರ ಬುದ್ಧಿನೇ ಅಷ್ಟು. ಇದನ್ನೂ ಗೋಡೆಗೆ ಬರೆಸೋಣ, ಹೆಸರು ಹಾಕಿ."

"ಬೇಡ."

"ಯಾಕೆ?"

"ಅವರು ಹಾಗೆ ಬಿಡಿಸ್ಲಿಲ್ಲ ಕಣೋ. ಅದು ಬೇರೆ. ಗೋಡೆ ಮೇಲೆ ಹಿಡಿಯಲ್ಲ ಅದು."

ಪ್ರಕಾಶ ನನ್ನನ್ನು ಹೊಸದಾಗಿ ನೋಡುವವನಂತೆ ನೋಡಿದ. ಆಮೇಲೆ ಪಕ್ಕದವನ ಕಡೆ ತಿರುಗಿ, "ಚಡ್ಡಿ ಮನೆ ಕಾಫಿ ಕುಡಿದು ಬೆಳೆದಿರೋದು ಗುರು, ಅಷ್ಟು ಬೇಗ ಬಿಡುತ್ತಾ" ಎಂದ. ಟೇಬಲ್ಲಿನ ಸುತ್ತ ಎಲ್ಲರೂ ನಕ್ಕರು. ಅಷ್ಟರಲ್ಲಿ ನನ್ನ ಬಗ್ಗೆಯೂ ತೀರ್ಮಾನ ಮುಗಿದಿತ್ತು.

ರಿಸಲ್ಟ್ ಬಂದ ದಿನ ಕಾಲೇಜಿನ ಬೋರ್ಡಿನ ಮುಂದೆ ಜನರ ಬೆನ್ನುಗಳ ನಡುವೆ ನುಗ್ಗಿ ನನ್ನ ನಂಬರು ನೋಡಿದೆ. ಫಸ್ಟ್ ಕ್ಲಾಸು. ನಮ್ಮ ಮನೆತನದ ಮೊದಲ ಪದವೀಧರೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ. ಅಪ್ಪ ಅಮ್ಮನಿಗೆ ಹೇಳಲು ಬಸ್‌ಸ್ಟಾಪಿನ ಕಡೆ ಓಡಿದವಳು, ಅಂಗಡಿಯ ಮುಂದೆ ನೇತುಹಾಕಿದ್ದ ಕಾಯಿನ್ ಬೂತಿನ ಹತ್ತಿರ ನಿಂತುಬಿಟ್ಟೆ. ಮೇಷ್ಟ್ರ ಮನೆಯ ನಂಬರು ಬೆರಳಿಗೇ ಗೊತ್ತಿತ್ತು. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದರು.

"ಸಾರ್, ನಾನು ಮಂಜುಳಾ. ಫಸ್ಟ್ ಕ್ಲಾಸ್ ಬಂತು ಸಾರ್."

ಆ ಕಡೆ ಕುಕ್ಕರ್ ಕೂಗಿತು. ಆಮೇಲೆ ಅದೂ ನಿಂತಿತು.

"ಕನ್ನಡದಲ್ಲಿ ಎಷ್ಟು?"

"ಎಂಬತ್ತೊಂದು ಸಾರ್."

"ಹೂಂ."

ಮನೆಗೆ ಬಾ ಎನ್ನುತ್ತಾರೇನೋ ಎಂದು ಕಾದೆ. ಎನ್ನಲಿಲ್ಲ. ಫೋನು ಇಡುತ್ತಾರೇನೋ ಎಂದು ಕಾದೆ. ಇಡಲೂ ಇಲ್ಲ. ಅವರ ಉಸಿರು ಕೇಳಿಸುತ್ತಿತ್ತು. ನನ್ನದೂ ಅವರಿಗೆ ಕೇಳಿಸುತ್ತಿದ್ದಿರಬೇಕು. ಹಾಕಿದ್ದ ನಾಣ್ಯದ ಹೊತ್ತು ಮುಗಿದು ಲೈನು ತಾನಾಗಿಯೇ ಕಟ್ ಆಗುವ ತನಕ ಇಬ್ಬರೂ ಹಾಗೆಯೇ ಹಿಡಿದುಕೊಂಡಿದ್ದೆವು.